ಉತ್ತರ ಕೀನ್ಯಾದ ದನಗಾಹಿಗಳು, ಬರ ಮತ್ತು ಜಗಳ: ಪದೇ ಪದೇ ಕೇಳುವ ಪ್ರಶ್ನೆಗಳು

ಬರ ಬಂತು, ನೀರು ಬತ್ತಿತು, ಅದಕ್ಕೇ ಹೊಡೆದಾಡಿಕೊಂಡು ಸತ್ತರು. ಉತ್ತರ ಕೀನ್ಯಾದಿಂದ ಸುದ್ದಿ ಬಂದಾಗಲೆಲ್ಲ ಹೆಚ್ಚಿನವರು ಇಷ್ಟು ಹೇಳಿ ಮುಗಿಸುತ್ತಾರೆ. ಪೂರ್ತಿ ಸುಳ್ಳಲ್ಲ. ಆದರೆ ಅರ್ಧ ಮಾತು, ಮತ್ತು ಆ ಅರ್ಧ ಮಾತನ್ನೇ ನಂಬಿಕೊಂಡು ಸರ್ಕಾರಗಳು ಹೆಜ್ಜೆ ಇಟ್ಟಾಗ ದನಗಾಹಿಗಳ ಪಾಡು ಇನ್ನಷ್ಟು ಕೆಟ್ಟಿದೆ. ನಾನು ಕೊಪ್ಪಳದ ಕಡೆಯವನು. ಸುಗ್ಗಿ ಮುಗಿದ ಮೇಲೆ ನಮ್ಮ ಹೊಲಕ್ಕೆ ಕುರಿ ಮಂದೆ ಬರುವುದನ್ನು ನೋಡುತ್ತಲೇ ಬೆಳೆದೆ. ಹಾಗಾಗಿ ಈ ವಿಷಯ ಬಂದರೆ ಸುಮ್ನೆ ಇರಲು ಆಗುವುದಿಲ್ಲ. ಜನ ನನ್ನನ್ನು ಕೇಳುತ್ತಾ ಬಂದ ಪ್ರಶ್ನೆಗಳು ಇವು.

ಯಾವ ಜಾಗದ ಮಾತು ಇದು? ಯಾರು ಈ ಜನ?

ಕೀನ್ಯಾ, ಉಗಾಂಡಾ, ದಕ್ಷಿಣ ಸುಡಾನ್, ಇಥಿಯೋಪಿಯಾ, ಈ ನಾಲ್ಕೂ ದೇಶಗಳ ಗಡಿ ಒಂದಕ್ಕೊಂದು ಹತ್ತಿರ ಬರುವ ಮೂಲೆ ಒಂದಿದೆ. ಕೀನ್ಯಾದ ಕಡೆ ತುರ್ಕಾನಾ, ಪೋಕಟ್, ಸಂಬುರು ಜನ. ಉಗಾಂಡಾದ ಕಡೆ ಕರಮೋಜೊಂಗ್. ದಕ್ಷಿಣ ಸುಡಾನಿನಲ್ಲಿ ತೊಪೊಸಾ, ಇಥಿಯೋಪಿಯಾದಲ್ಲಿ ದಾಸನೆಚ್ ಮತ್ತು ನ್ಯಾಂಗಟೊಮ್. ಇನ್ನೂ ಪೂರ್ವಕ್ಕೆ ಹೋದರೆ ಮರ್ಸಬಿಟ್, ಅಲ್ಲಿ ಬೊರಾನಾ, ಗಬ್ರಾ, ರೆಂಡಿಲೆ. ದನ, ಒಂಟೆ, ಆಡು, ಕುರಿ, ಕತ್ತೆ ಇವರ ಆಸ್ತಿ. ತುರ್ಕಾನಾ ಒಂದೇ ಜಿಲ್ಲೆ ನಮ್ಮ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ದೊಡ್ಡದು, ಆದರೆ 2019ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 9.27 ಲಕ್ಷ ಜನ ಮಾತ್ರ.

ಗಡಿ ಗೆರೆ ಎಳೆದವರು ಬ್ರಿಟಿಷರು ಮತ್ತು ಅವರ ಜೊತೆ ಮಾತಾಡಿಕೊಂಡ ದೊರೆಗಳು. ಹುಲ್ಲು ಎಲ್ಲಿ ಬೆಳೆಯುತ್ತದೆ ಅಂತ ಅವರು ಯಾರನ್ನೂ ಕೇಳಲಿಲ್ಲ.

ಒಂದು ಕಡೆ ನೆಲೆ ನಿಂತು, ಮೇವು ಬೆಳೆದು, ದನ ಸಾಕಬಾರದಾ?

ಎಲ್ಲಿ ಬೆಳೆಯುವುದು? ತುರ್ಕಾನಾದ ದೊಡ್ಡ ಊರು ಲೊಡ್ವಾರ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿಲಿಮೀಟರ್. ನಾವು ಬರದ ಊರು ಅನ್ನುವ ಚಳ್ಳಕೆರೆಯ ಮಳೆಯಲ್ಲಿ ಅರ್ಧವೂ ಇಲ್ಲ. ಅದೂ ಎಲ್ಲ ಕಡೆ ಒಂದೇ ಸಮ ಬೀಳುವುದಿಲ್ಲ. ಈ ಬಯಲಿಗೆ ಒಂದು ಹದ ಮಳೆ ಬಿದ್ದಿರುತ್ತದೆ, ಅರ್ಧ ದಿನ ನಡೆದರೆ ಸಿಗುವ ಆ ಬಯಲಲ್ಲಿ ಧೂಳು ಹಾರುತ್ತಿರುತ್ತದೆ.

ಇಂಥ ಕಡೆ ಬದುಕಲು ಇರುವ ಉಪಾಯ ಒಂದೇ, ಹುಲ್ಲು ಚಿಗುರಿದ ಕಡೆ ಹೋಗುವುದು. ಒಂದೇ ಮನೆಯವರು ಹಿಂಡನ್ನು ಒಡೆದು ಇಡುತ್ತಾರೆ. ಹಾಲು ಕೊಡುವ ಆಡು, ಒಂದೆರಡು ಒಂಟೆ ಮನೆಯ ಹತ್ತಿರ, ಹೆಂಗಸರು ಮಕ್ಕಳು ಮುದುಕರ ಜೊತೆ. ದನಗಳನ್ನು ಹೊಡೆದುಕೊಂಡು ಹುಡುಗರು ಗುಡ್ಡದ ಕಡೆ ಹೋಗುತ್ತಾರೆ. ಇನ್ನು ಕೆಲವನ್ನು ದೂರದ ಗೆಳೆಯನ ಹಿಂಡಿನಲ್ಲಿ ಬಿಟ್ಟಿರುತ್ತಾರೆ, ಹೆಚ್ಚುಕಡಿಮೆ ನಮ್ಮಲ್ಲಿ ಕುರಿ ಪಾಲಿಗೆ ಬಿಡುವ ಹಾಗೆ. ಒಂದು ಕಡೆ ರೋಗವೋ ಬರವೋ ಬಂದರೆ ಇನ್ನೊಂದು ಕಡೆ ನಾಲ್ಕು ಉಳಿದಿರಲಿ ಅಂತ. ಇದನ್ನು ಅಲೆಮಾರಿತನ ಅಂತ ಹಗುರವಾಗಿ ಮಾತಾಡುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಇಷ್ಟು ಲೆಕ್ಕಾಚಾರದ ಕಸುಬು ಇನ್ನೊಂದಿಲ್ಲ.

ಒಂದು ವಿಷಯ ಮಾತ್ರ ನೆನಪಿಡಿ. ನಿಮ್ಮ ಬಯಲಿನ ಹುಲ್ಲು ಮುಗಿದಾಗ ನೀವು ಹೋಗುವುದು ಇನ್ನೊಬ್ಬರ ಬಯಲಿಗೆ. ಅವರು ಬಿಟ್ಟುಕೊಳ್ಳಬೇಕು. ಮುಂದಿನ ವರ್ಷ ಅವರಿಗೆ ಕಷ್ಟ ಬಂದಾಗ ನೀವು ಬಿಟ್ಟುಕೊಳ್ಳಬೇಕು. ಈ ಕೊಡು ಕೊಳ್ಳುವ ಒಪ್ಪಂದವೇ ಅಲ್ಲಿನ ನಿಜವಾದ ಭದ್ರತೆ. ಮುಂದಿನ ಎಲ್ಲ ಉತ್ತರಗಳೂ ಸುತ್ತಿ ಬಂದು ಇಲ್ಲಿಗೇ ಸೇರುತ್ತವೆ.

ಬರ ಅಲ್ಲಿಗೆ ಹೊಸದೇನಲ್ಲವಲ್ಲ? ಹವಾಮಾನ ಬದಲಾವಣೆ ಅಂತ ಯಾಕೆ ಹೇಳುತ್ತಾರೆ?

ಬರ ಹೊಸದಲ್ಲ, ನಿಜ. ಬರುವ ರೀತಿ ಬದಲಾಗಿದೆ.

ಅಲ್ಲಿ ವರ್ಷಕ್ಕೆ ಎರಡು ಮಳೆಗಾಲ. ಮಾರ್ಚ್‌ನಿಂದ ಮೇ ತನಕ ದೊಡ್ಡ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಸಣ್ಣ ಮಳೆ. 2020ರ ಕೊನೆಯಿಂದ 2022ರ ಕೊನೆಯ ತನಕ ಸಾಲಾಗಿ ಐದು ಮಳೆಗಾಲ ಕೈಕೊಟ್ಟವು. ನಲವತ್ತು ವರ್ಷಗಳಲ್ಲಿ ಅಂಥದ್ದು ಆಗಿರಲಿಲ್ಲ. ಕೀನ್ಯಾ ಒಂದರಲ್ಲೇ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜಾನುವಾರು ಸತ್ತವು. ಒಂದು ಮಳೆಗಾಲ ತಪ್ಪಿದರೆ ದನಗಾಹಿ ತಡೆದುಕೊಳ್ಳುತ್ತಾನೆ. ಎರಡು ತಪ್ಪಿದರೆ ಮಾರುತ್ತಾನೆ, ಸಾಲ ಮಾಡುತ್ತಾನೆ, ನೆಂಟರ ಮನೆ ಬಾಗಿಲು ತಟ್ಟುತ್ತಾನೆ. ಐದು ತಪ್ಪಿದರೆ ತಟ್ಟಲು ಬಾಗಿಲೇ ಉಳಿದಿರುವುದಿಲ್ಲ, ಯಾಕೆಂದರೆ ನೆಂಟನ ದನಗಳೂ ಸತ್ತಿರುತ್ತವೆ.

2023ರ ಏಪ್ರಿಲ್‌ನಲ್ಲಿ ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಎಂಬ ವಿಜ್ಞಾನಿಗಳ ತಂಡ ಈ ಬರದ ಲೆಕ್ಕ ಹಾಕಿತು. ಅವರು ನೋಡಿದ್ದು ದಕ್ಷಿಣ ಇಥಿಯೋಪಿಯಾ, ದಕ್ಷಿಣ ಸೋಮಾಲಿಯಾ ಮತ್ತು ಪೂರ್ವ ಕೀನ್ಯಾವನ್ನು. ಮನುಷ್ಯರು ಭೂಮಿಯನ್ನು ಬಿಸಿ ಮಾಡಿದ್ದರಿಂದ ಇಂಥ ಬರದ ಸಾಧ್ಯತೆ ಸುಮಾರು ನೂರು ಪಟ್ಟು ಹೆಚ್ಚಾಗಿದೆ ಅಂತ ಅವರ ಅಂದಾಜು. ಇಲ್ಲಿ ಒಂದು ಸೂಕ್ಷ್ಮ ಇದೆ. ಮಳೆ ಕಡಿಮೆ ಆದದ್ದು ಅರ್ಧ ಕಾರಣ ಮಾತ್ರ. ಇನ್ನರ್ಧ ಬಿಸಿಲು. ಬಿದ್ದ ಅಷ್ಟೋ ಇಷ್ಟೋ ನೀರನ್ನು ಬಿಸಿ ಗಾಳಿ ಮಣ್ಣಿನಿಂದ, ಹುಲ್ಲಿನಿಂದ ಹೀರಿಬಿಟ್ಟಿತು. ಭೂಮಿ 1.2 ಡಿಗ್ರಿ ತಂಪಾಗಿದ್ದ ಕಾಲದಲ್ಲಿ ಅಷ್ಟೇ ಕಡಿಮೆ ಮಳೆ ಬಿದ್ದಿದ್ದರೂ ಅದು ಬರ ಅನ್ನಿಸಿಕೊಳ್ಳುವ ಮಟ್ಟಕ್ಕೆ ಹೋಗುತ್ತಿರಲಿಲ್ಲವಂತೆ.

ಬರೀ ಬರವೂ ಅಲ್ಲ. 2019ರ ಕೊನೆಗೆ ವಿಪರೀತ ಮಳೆ, ಹಿಂದೆಯೇ ಮಿಡತೆ ಹಿಂಡು, ಕೀನ್ಯಾದಲ್ಲಿ ಎಪ್ಪತ್ತು ವರ್ಷಗಳಲ್ಲಿ ಕಾಣದಷ್ಟು. ಬಾರಿಂಗೊ ಸರೋವರದ ನೀರು ಏರಿ ದಡದ ಹುಲ್ಲುಗಾವಲು, ಮನೆ, ಶಾಲೆ ಮುಳುಗಿದವು. ಬರದಿಂದ ಓಡಿಬಂದವರು ನಿಲ್ಲಬೇಕಾದ ಜಾಗವನ್ನೇ ನೀರು ನುಂಗಿತು.

ಹಾಗಾದ್ರೆ ಲೆಕ್ಕ ಸುಲಭ. ಮಳೆ ಕಡಿಮೆ ಆದರೆ ಕೊಲೆ ಜಾಸ್ತಿ, ಅಲ್ವಾ?

ಅಲ್ಲ. ನನಗೂ ಮೊದಲು ಹಾಗೇ ಅನ್ನಿಸಿತ್ತು.

ಮರ್ಸಬಿಟ್‌ನಲ್ಲಿ ವಾರಿಯೊ ಅಡಾನೊ ಮತ್ತು ಕರೆನ್ ವಿಟ್ಸನ್‌ಬರ್ಗ್ ಎಂಬ ಸಂಶೋಧಕರು ಹಳೆಯ ದಾಖಲೆ ತೆಗೆದು, ಯಾವ ವರ್ಷ ಎಷ್ಟು ಮಳೆ, ಎಷ್ಟು ಜನ ದನದ ದಾಳಿಯಲ್ಲಿ ಸತ್ತರು ಅಂತ ಹೊಂದಿಸಿ ನೋಡಿದರು. ಮಳೆ ಚೆನ್ನಾಗಿ ಆದ ವರ್ಷಗಳಲ್ಲಿ ಸತ್ತವರು ಬರದ ವರ್ಷಗಳಿಗಿಂತ ಸುಮಾರು ಎರಡು ಪಟ್ಟು! ಮೊದಲ ಸಲ ಓದಿದಾಗ ತಪ್ಪು ಓದಿದೆನಾ ಅಂತ ಮತ್ತೆ ಓದಿದೆ. ಆಮೇಲೆ ಯೋಚನೆ ಮಾಡಿದರೆ ಎಲ್ಲ ಸರಿಯಾಗಿಯೇ ಕೂಡುತ್ತದೆ. ಬರದಲ್ಲಿ ದನ ಬಡಕಲಾಗಿರುತ್ತದೆ, ಕದ್ದರೂ ರಾತ್ರಿಯೆಲ್ಲ ಓಡಿಸಲು ಆಗುವುದಿಲ್ಲ, ದಾರಿಯಲ್ಲಿ ನೀರಿಲ್ಲ. ಮಳೆಗಾಲದಲ್ಲಿ ದನ ಗಟ್ಟಿ, ಹಳ್ಳದಲ್ಲಿ ನೀರು, ಅಡಗಲು ಎತ್ತರದ ಹುಲ್ಲು ಪೊದೆ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಬರದಲ್ಲಿ ಎದುರಿನವನ ಬಾವಿ ನಿಮಗೆ ಬೇಕು. ಅವನ ಜೊತೆ ಜಗಳ ಮಾಡಿಕೊಂಡರೆ ನಿಮ್ಮ ದನ ಸಾಯುತ್ತದೆ. ಅದಕ್ಕೇ ಬರದಲ್ಲಿ ಹಿರಿಯರು ಕೂತು ಮಾತಾಡುತ್ತಾರೆ.

ಆದರೆ ತುರ್ಕಾನಾದ ಕಥೆ ಬೇರೆ. ಕರೋಲ್ ಎಂಬರ್ ಮತ್ತು ಜೊತೆಗಾರರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಲ್ಲಿ ಒಣ ತಿಂಗಳುಗಳಲ್ಲಿ, ಬರದ ವರ್ಷಗಳಲ್ಲೇ ಹಿಂಸೆ ಜಾಸ್ತಿ ಇತ್ತು. ಒಂದೇ ದೇಶ, ಒಂದೇ ಕಸುಬು, ಫಲಿತಾಂಶ ತಿರುಗಾಮುರುಗಾ. ಇದನ್ನು ನೋಡಿ ಕೆಲವರು ಹವಾಮಾನಕ್ಕೂ ಜಗಳಕ್ಕೂ ಸಂಬಂಧವೇ ಇಲ್ಲ ಅಂದುಬಿಡುತ್ತಾರೆ. ನನ್ನ ಅಭಿಪ್ರಾಯ ಬೇರೆ. ಬಾವಿಯ ಹತ್ತಿರ ಕೂತು ಮಾತಾಡುವ ಕಟ್ಟೆ ಗಟ್ಟಿ ಇರುವ ಕಡೆ ಬರ ಜನರನ್ನು ಹತ್ತಿರ ತರುತ್ತದೆ. ಆ ಕಟ್ಟೆ ಮುರಿದ ಕಡೆ ಅದೇ ಬರ ಬಂದೂಕು ಎತ್ತಿಸುತ್ತದೆ. ಆದರೆ ಮರ್ಸಬಿಟ್ ಲೆಕ್ಕ ಹಳೆಯ ಬರಗಳದ್ದು. ಸಾಲಾಗಿ ಐದು ಮಳೆಗಾಲ ತಪ್ಪುವ ಬರವನ್ನು ಎಂಥ ಗಟ್ಟಿ ಕಟ್ಟೆಯೂ ಎಷ್ಟು ದಿನ ತಾಳೀತು ಅನ್ನುವುದೇ ನನ್ನ ಭಯ.

ಬಾವಿಯ ಹತ್ತಿರ ನಿಜವಾಗಿ ಏನು ನಡೆಯುತ್ತದೆ?

ಇಥಿಯೋಪಿಯಾ ಗಡಿಯ ಬೊರಾನಾ ಜನರ ಆಳದ ಬಾವಿಗಳನ್ನು ಹಾಡುವ ಬಾವಿ ಅನ್ನುತ್ತಾರೆ. ಬಾವಿಯೊಳಗೆ ಮೆಟ್ಟಿಲು ಮೆಟ್ಟಿಲಾಗಿ ಜನ ನಿಲ್ಲುತ್ತಾರೆ, ಒಬ್ಬರ ತಲೆಯ ಮೇಲೆ ಇನ್ನೊಬ್ಬರು ನಿಂತ ಹಾಗೆ. ಕೆಳಗಿನವನು ಬಕೆಟ್ ತುಂಬಿ ಎತ್ತುತ್ತಾನೆ, ಮೇಲಿನವನು ಹಿಡಿದು ಇನ್ನೂ ಮೇಲಕ್ಕೆ ಕೊಡುತ್ತಾನೆ, ಖಾಲಿ ಬಕೆಟ್ ಕೆಳಗೆ ಬರುತ್ತದೆ. ಕೈ ತಪ್ಪಬಾರದು ಅಂತ ತಾಳಕ್ಕೆ ಹಾಡುತ್ತಾರೆ. ದನಗಳು ತಮ್ಮವರ ಹಾಡು ಕೇಳಿಯೇ ಬಾವಿಯ ಕಡೆ ಬರುತ್ತವೆ ಅಂತ ಅಲ್ಲಿಯವರು ಹೇಳುತ್ತಾರೆ. ಮೇಲೆ ಮಣ್ಣಿನ ತೊಟ್ಟಿ, ಅದಕ್ಕೆ ನೀರು ಬೀಳುತ್ತದೆ, ದನಗಳು ಸರದಿಯಲ್ಲಿ ಬಂದು ಕುಡಿಯುತ್ತವೆ.

ಆ ಸರದಿ ಸುಮ್ನೆ ಆಗುವುದಲ್ಲ. ಅದನ್ನು ನೋಡಿಕೊಳ್ಳಲು ಅಬ್ಬಾ ಹೆರೇಗ ಎಂಬ ಒಬ್ಬ ವ್ಯಕ್ತಿ ಇರುತ್ತಾನೆ. ಇವತ್ತು ಯಾರ ಹಿಂಡು, ನಾಳೆ ಯಾರದು, ದೂರದಿಂದ ಬಂದವರಿಗೆ ಎಷ್ಟನೇ ದಿನ, ಎಲ್ಲ ಅವನ ಬಾಯಲ್ಲಿ. ದನಕ್ಕೆ ಎರಡು ಮೂರು ದಿನಕ್ಕೊಮ್ಮೆ ನೀರು ಬೇಕು. ಒಂಟೆ ವಾರಕ್ಕೂ ಜಾಸ್ತಿ ತಡೆದೀತು. ಈ ವ್ಯತ್ಯಾಸವನ್ನೂ ಸರದಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮಾಮೂಲಿ ಬೇಸಗೆಯಲ್ಲಿ ಇದು ಗಡಿಯಾರದ ಹಾಗೆ ನಡೆಯುತ್ತದೆ.

ಈಗ ಅದೇ ಬಾವಿಯ ನೀರು ಅರ್ಧಕ್ಕೆ ಇಳಿದಿದೆ ಅಂದುಕೊಳ್ಳಿ. ಸುತ್ತಲಿನ ನಾಲ್ಕು ಬಾವಿ ಬತ್ತಿ, ಅಲ್ಲಿಯ ಹಿಂಡುಗಳೂ ಇಲ್ಲಿಗೆ ಬಂದಿವೆ. ಬಂದವರಲ್ಲಿ ಅರ್ಧ ಜನರ ಭಾಷೆ ಬೇರೆ, ಅವರ ಹಿರಿಯರು ಜೊತೆಯಲ್ಲಿಲ್ಲ, ಹದಿನೆಂಟು ಇಪ್ಪತ್ತರ ಹುಡುಗರೇ ಇದ್ದಾರೆ, ಅವರ ಕೈಯಲ್ಲಿ ಬಂದೂಕು ಇದೆ. ಮೂರು ದಿನದ ಸರದಿ ಐದು ದಿನ ಆದರೆ ದನ ಬೀಳುತ್ತದೆ. ಸರದಿ ಮೀರಿ ಒಬ್ಬ ತನ್ನ ಹಿಂಡು ನುಗ್ಗಿಸಿದರೆ ಸಾಕು. ಹವಾಮಾನ ಬದಲಾವಣೆ ಜಗಳ ಆಗುತ್ತದೆ ಅಂದರೆ ಇದು, ಹೀಗೆ.

ದನ ಕದಿಯುವುದು ಅವರ ಸಂಸ್ಕೃತಿಯಲ್ಲೇ ಇದೆಯಂತಲ್ಲ?

ನಮ್ಮಲ್ಲೂ ಇತ್ತು. ಕರ್ನಾಟಕದ ಊರೂರಲ್ಲಿ ನಿಂತಿರುವ ವೀರಗಲ್ಲುಗಳಲ್ಲಿ ಎಷ್ಟೋ ಕಲ್ಲು ತುರುಗೋಳಿನವು, ಅಂದರೆ ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವರವು. ಕೆಳಗಿನ ಪಟ್ಟಿಯಲ್ಲಿ ಹಸುಗಳ ಸಾಲು, ಬಿಲ್ಲು ಹಿಡಿದ ವೀರ. ದನವೇ ಸಂಪತ್ತಾದ ಯಾವ ನಾಡಿನಲ್ಲೂ ಇದು ಇದ್ದೇ ಇತ್ತು.

ತುರ್ಕಾನಾ, ಪೋಕಟ್ ಜನರಲ್ಲೂ ದಾಳಿಗೆ ಕಟ್ಟುಪಾಡು ಇತ್ತು. ಹಿರಿಯರ ಒಪ್ಪಿಗೆ ಬೇಕು, ಕಣಿ ಹೇಳುವವನು ಆಶೀರ್ವಾದ ಮಾಡಬೇಕು. ಬರದಲ್ಲಿ ದನ ಕಳೆದುಕೊಂಡವನು ಹಿಂಡು ಮತ್ತೆ ಕಟ್ಟಲು, ತೆರ ಕೊಟ್ಟು ಮದುವೆ ಆಗಲು ಹೋಗುತ್ತಿದ್ದ. ಈಟಿ ಬಿಲ್ಲಿನ ಕಾಲದಲ್ಲಿ ಸಾಯುವವರಿಗೂ ಒಂದು ಮಿತಿ ಇತ್ತು.

1979ರಲ್ಲಿ ಉಗಾಂಡಾದಲ್ಲಿ ಇದಿ ಅಮೀನ್ ಸರ್ಕಾರ ಬಿತ್ತು. ಮೊರೊಟೊ ಊರಿನ ಸೇನಾ ಬ್ಯಾರಕ್ ಬಿಟ್ಟು ಸೈನಿಕರು ಓಡಿದರು. ಕರಮೋಜೊಂಗ್ ಜನ ಒಳಗೆ ಹೋಗಿ ಅಲ್ಲಿದ್ದ ಬಂದೂಕುಗಳನ್ನೆಲ್ಲ ಹೊತ್ತುಕೊಂಡು ಬಂದರು. ಅಲ್ಲಿಂದ ಆಚೆಗೆ ಆ ಮೂಲೆಯ ಲೆಕ್ಕವೇ ಬದಲಾಯಿತು. ಒಬ್ಬರ ಹತ್ತಿರ ಬಂದೂಕು ಬಂದರೆ ಪಕ್ಕದವರಿಗೂ ಬೇಕಾಗುತ್ತದೆ. ಸುಡಾನ್, ಸೋಮಾಲಿಯಾ ಯುದ್ಧಗಳಿಂದ ಇನ್ನಷ್ಟು ಬಂದವು. ಈಗ ಕದ್ದ ದನ ಎಲ್ಲ ಹಿಂಡಿಗೆ ಸೇರುವುದೂ ಇಲ್ಲ. ಲಾರಿ ಹತ್ತಿ ಪಟ್ಟಣದ ಮಾಂಸದ ಅಂಗಡಿಗೆ ಹೋಗುತ್ತವೆ, ಹಿಂದೆ ದುಡ್ಡು ಹಾಕಿದವರು ಬೇರೆಯೇ ಇರುತ್ತಾರೆ. ಹಿಂಡಿಗೆ ಸೇರಿದ ದನವನ್ನು ಹಿರಿಯರು ಮಾತಾಡಿ ವಾಪಸ್ ತರಬಹುದಿತ್ತು. ಮಾಂಸವಾದ ದನವನ್ನು ಹೇಗೆ ವಾಪಸ್ ತರುವುದು? ಇದನ್ನು ಸಂಸ್ಕೃತಿ ಅನ್ನುವುದು ಆ ಜನಕ್ಕೆ ಮಾಡುವ ಅನ್ಯಾಯ.

ಬಂದೂಕು ಕಿತ್ತುಕೊಂಡರೆ ಮುಗಿಯಿತಲ್ಲ?

ಉಗಾಂಡಾ 2001ರ ಕೊನೆಯಲ್ಲಿ ಶುರು ಮಾಡಿತು, 2006ರ ನಂತರ ಸೇನೆಯೇ ಊರುಗಳನ್ನು ಸುತ್ತುವರಿದು ಹುಡುಕಿತು. ಸಾವಿರಾರು ಬಂದೂಕು ಸಿಕ್ಕವು, ಎಷ್ಟೋ ವರ್ಷ ದಾಳಿ ಕಡಿಮೆಯೂ ಆಯಿತು, ಅದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಬಂದೂಕು ಕೊಟ್ಟವರ ದನ ಕಾಯುವವರು ಯಾರು? ಗಡಿಯಾಚೆಯವರ ಹತ್ತಿರ ಬಂದೂಕು ಹಾಗೇ ಇತ್ತು. ಹಾಗಾಗಿ ಸೇನೆ ತನ್ನ ಬ್ಯಾರಕ್ ಪಕ್ಕದಲ್ಲೇ ದನದ ದೊಡ್ಡಿ ಮಾಡಿ ರಾತ್ರಿ ಎಲ್ಲರ ದನವನ್ನೂ ಅಲ್ಲೇ ಕೂಡಿಹಾಕಿತು. ಅಷ್ಟು ದನ ಒಂದೇ ಕಡೆ ನಿಂತರೆ ಸುತ್ತಲಿನ ಹುಲ್ಲು ಬೇಗ ಮುಗಿಯುತ್ತದೆ, ರೋಗ ಹಬ್ಬುತ್ತದೆ. ಭದ್ರತೆ ಸಿಕ್ಕಿತು, ಓಡಾಟ ನಿಂತಿತು. 2019ರಿಂದ ದಾಳಿಗಳು ಮತ್ತೆ ಏರಿದವು. 2023ರ ಮೇ ತಿಂಗಳಲ್ಲಿ ಉಗಾಂಡಾ ಅಧ್ಯಕ್ಷ ಮುಸೆವೆನಿ, ಆರು ತಿಂಗಳಲ್ಲಿ ಬಂದೂಕು ಒಪ್ಪಿಸದಿದ್ದರೆ ಕೀನ್ಯಾದಿಂದ ಗಡಿ ದಾಟಿ ಬಂದ ತುರ್ಕಾನಾ ದನಗಾಹಿಗಳನ್ನು ದೇಶದಿಂದ ಹೊರಹಾಕುತ್ತೇವೆ ಅಂತ ಆದೇಶ ಹೊರಡಿಸಿದರು.

ಕೀನ್ಯಾದ ಕಥೆಯೂ ನೋವಿನದ್ದೇ. 2012ರ ನವೆಂಬರ್‌ನಲ್ಲಿ ಕದ್ದ ದನ ವಾಪಸ್ ತರಲು ಬರಗೋಯ್ ಹತ್ತಿರದ ಸುಗುಟಾ ಕಣಿವೆಗೆ ಹೋದ ಪೊಲೀಸರ ಮೇಲೆ ಹೊಂಚು ಹಾಕಿ ದಾಳಿ ಆಯಿತು, 40ಕ್ಕೂ ಹೆಚ್ಚು ಪೊಲೀಸರು ಸತ್ತರು. 2023ರ ಫೆಬ್ರವರಿಯಲ್ಲಿ, ಆ ದೊಡ್ಡ ಬರದ ತುದಿಯಲ್ಲಿ, ಸರ್ಕಾರ ಆರು ಜಿಲ್ಲೆಗಳಿಗೆ ಸೇನೆ ಇಳಿಸಿತು. ಹತ್ತಾರು ಮೈಲಿಗೆ ಒಂದು ಪೊಲೀಸ್ ಠಾಣೆ ಇಲ್ಲದ ಕಡೆ, ರಾತ್ರಿ ದಾಳಿಯಾದರೆ ಯಾರೂ ಬಾರದ ಕಡೆ, ಬಂದೂಕು ಬಿಟ್ಟುಬಿಡು ಅಂತ ಹೇಳುವುದು ಸುಲಭ. ಬಿಡುವುದು ಸುಲಭ ಅಲ್ಲ. ಮೊದಲು ಕಾವಲು ಕೊಡಿ, ಆಮೇಲೆ ಬಂದೂಕು ಕೇಳಿ ಅನ್ನುವುದು ನನ್ನ ಅಭಿಪ್ರಾಯ. ಎರಡೂ ದೇಶ ಒಟ್ಟಿಗೆ ಮಾಡದಿದ್ದರೆ ಅದೂ ಪ್ರಯೋಜನ ಇಲ್ಲ.

ಬೇಲಿಗೂ ಬರಕ್ಕೂ ಏನು ಸಂಬಂಧ?

ತುಂಬಾ ಇದೆ. ಬರದ ವರ್ಷಕ್ಕೆ ಅಂತ ಮೊದಲಿಂದ ಬಿಟ್ಟುಕೊಂಡಿದ್ದ ಎತ್ತರದ, ತಂಪಿನ, ನೀರಿರುವ ಜಾಗಗಳೇ ಮೊದಲು ಕೈತಪ್ಪಿದವು. 1904ರಲ್ಲಿ ಮತ್ತೆ 1911ರಲ್ಲಿ ಬ್ರಿಟಿಷರು ಒಪ್ಪಂದದ ಹೆಸರಲ್ಲಿ ಮಾಸಾಯಿ ಎಂಬ ದನಗಾಹಿ ಜನರನ್ನು ರಿಫ್ಟ್ ಕಣಿವೆಯಿಂದ, ಆಮೇಲೆ ಲೈಕಿಪಿಯಾ ಎಂಬ ಎತ್ತರದ ಬಯಲಿನಿಂದ ಎಬ್ಬಿಸಿದರು. ಪೋಕಟ್ ಜನ ಟ್ರಾನ್ಸ್ ನ್ಜೋಯಾದ ಎತ್ತರದ ನೆಲ ಕಳೆದುಕೊಂಡರು, ಅಲ್ಲಿ ಬಿಳಿಯರ ತೋಟ ಬಂದವು. ಸ್ವಾತಂತ್ರ್ಯ ಬಂದ ಮೇಲೂ 1965ರ ಸರ್ಕಾರಿ ನೀತಿ, ಬೆಳೆ ಬರುವ ಕಡೆ ಮಾತ್ರ ದುಡ್ಡು ಹಾಕೋಣ ಅಂದಿತು. ಉತ್ತರಕ್ಕೆ ರಸ್ತೆ ಬರಲಿಲ್ಲ, ಶಾಲೆ ಬರಲಿಲ್ಲ.

2017ರ ಬರದಲ್ಲಿ ಸಂಬುರು, ಪೋಕಟ್ ದನಗಾಹಿಗಳು ಸಾವಿರಾರು ದನ ಹೊಡೆದುಕೊಂಡು ಲೈಕಿಪಿಯಾದ ಖಾಸಗಿ ರಾಂಚುಗಳಿಗೆ, ವನ್ಯಜೀವಿ ತಾಣಗಳಿಗೆ ನುಗ್ಗಿದರು. ಹಲವರು ಸತ್ತರು. ಅದು ಚುನಾವಣೆಯ ವರ್ಷವೂ ಆಗಿತ್ತು, ರಾಜಕಾರಣಿಗಳು ಬೆಂಕಿಗೆ ತುಪ್ಪ ಹೊಯ್ದರು ಅನ್ನುವ ಆರೋಪವೂ ಬಂತು. ನುಗ್ಗಿದ್ದು ತಪ್ಪು, ಕೊಂದಿದ್ದು ತಪ್ಪು. ಆದರೆ ಬೇಲಿಯೊಳಗೆ ಹುಲ್ಲು ತೊನೆಯುತ್ತಿರುವಾಗ ಹೊರಗೆ ದನ ಸಾಯುತ್ತಿದ್ದರೆ ಏನಾಗುತ್ತದೆ ಅಂತ ಊಹಿಸಲು ದೊಡ್ಡ ಓದು ಬೇಕಿಲ್ಲ.

ಈಗಿನ ಬೇಲಿಗಳಿಗೆ ಹೊಸ ಹೆಸರುಗಳಿವೆ. 2012ರಲ್ಲಿ ತುರ್ಕಾನಾದಲ್ಲಿ ಎಣ್ಣೆ ಸಿಕ್ಕಿತು. ಮರ್ಸಬಿಟ್‌ನಲ್ಲಿ 310 ಮೆಗಾವ್ಯಾಟಿನ ಗಾಳಿ ವಿದ್ಯುತ್ ಯೋಜನೆ ಬಂತು. ಹವಾಮಾನಕ್ಕೆ ಒಳ್ಳೆಯದೇ, ಆದರೆ ಅದರ ಜಮೀನಿನ ಹಕ್ಕುಪತ್ರ ಕಾನೂನಿನ ಪ್ರಕಾರ ಆಗಿಲ್ಲ ಅಂತ 2021ರಲ್ಲಿ ಕೀನ್ಯಾದ ನ್ಯಾಯಾಲಯವೇ ಹೇಳಿತು. ನಮ್ಮ ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಅಂತ ಸಾವಿರಾರು ಎಕರೆ ಕೊಟ್ಟು ಗೋಡೆ ಎದ್ದಾಗ ಕುರಿ ದನದವರು ಕೇಳಿದ ಪ್ರಶ್ನೆಯೂ ಇದೇ ಆಗಿತ್ತು.

ಬೇಲಿ ಕಟ್ಟದೆಯೂ ನೆಲ ಮುಚ್ಚಿಹೋಗಬಹುದು. ಬಳ್ಳಾರಿ ಜಾಲಿ ಗೊತ್ತಲ್ಲ? ಅದೇ ಗಿಡವನ್ನು ಬರದ ನೆಲ ಹಸಿರು ಮಾಡಲು ಅಂತ 1980ರ ದಶಕದಲ್ಲಿ ಬಾರಿಂಗೊದಲ್ಲಿ ನೆಟ್ಟರು. ಹುಲ್ಲುಗಾವಲನ್ನೇ ತಿಂದುಹಾಕಿತು. ಅದರ ಸಿಹಿ ಕಾಯಿ ತಿಂದು ತಿಂದು ಆಡುಗಳ ಹಲ್ಲು ಉದುರಿದವು. ಅಲ್ಲಿಯ ಇಲ್ಚಾಮುಸ್ ಜನ ಸರ್ಕಾರದ ಮೇಲೆ ಕೇಸು ಹಾಕಿ, ಹಲ್ಲಿಲ್ಲದ ಒಂದು ಆಡನ್ನೇ ನೈರೋಬಿಯ ಕೋರ್ಟಿಗೆ ಕರೆದುಕೊಂಡು ಹೋದರು.

ದನ ಜಾಸ್ತಿ ಆಗಿದ್ದೇ ತಪ್ಪಲ್ವಾ? ಕಡಿಮೆ ಸಾಕಿದರೆ ಆಯ್ತು.

ಹತ್ತು ಸತ್ತರೆ ಎರಡು ಉಳಿಯಲಿ ಅಂತ ಅವರು ಜಾಸ್ತಿ ಸಾಕುತ್ತಾರೆ. ಬ್ಯಾಂಕ್ ಇಲ್ಲ, ಪಿಂಚಣಿ ಇಲ್ಲ. ಬರ ಬರುವ ಮೊದಲೇ ಒಳ್ಳೆಯ ಬೆಲೆಗೆ ಮಾರಲು ಹತ್ತಿರದಲ್ಲಿ ಸಂತೆ, ಲಾರಿ ಹೋಗುವ ರಸ್ತೆ ಇದ್ದರೆ ಖಂಡಿತ ಮಾರುತ್ತಾರೆ. ಎಲ್ಲರೂ ಒಟ್ಟಿಗೆ ಮಾರಲು ಬಂದಾಗ ಬಡಕಲು ದನಕ್ಕೆ ಬೆಲೆ ಕೊಡುವವರು ಯಾರು? ಹಾಗೆಯೇ ಎಷ್ಟೋ ಜನ ದನ ಬಿಟ್ಟು ಒಂಟೆಗೆ ತಿರುಗಿದ್ದಾರೆ, ಸಂಬುರು ಜನರಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಬದಲಾಗುವುದು ಗೊತ್ತಿಲ್ಲದ ಜನ ಅಲ್ಲ ಅವರು.

ಹೆಂಗಸರಿಗೆ, ಮಕ್ಕಳಿಗೆ ಇದು ಹೇಗೆ ತಟ್ಟುತ್ತದೆ?

ಗಂಡಸರು ದನದ ಜೊತೆ ದೂರ ಹೋದಾಗ ಮನೆಯಲ್ಲಿ ಉಳಿಯುವವರು ಇವರು. ನೀರಿಗೆ ನಡೆಯುವ ದಾರಿ ಉದ್ದವಾದಷ್ಟೂ ಆ ದಾರಿಯ ಅಪಾಯವೂ ಹೆಚ್ಚು. ದಾಳಿಯ ಭಯಕ್ಕೆ ಗಡಿ ಹತ್ತಿರದ ಶಾಲೆಗಳು ಬಾಗಿಲು ಹಾಕುತ್ತವೆ. ಬರದಲ್ಲಿ ಹೆಣ್ಣುಮಕ್ಕಳ ಮದುವೆ ಬೇಗ ಆಗುತ್ತದೆ, ತೆರದ ದನ ಬರುತ್ತದಲ್ಲ ಅಂತ. ಹತ್ತು ಹನ್ನೆರಡರ ಹುಡುಗಿ ಬರದ ಲೆಕ್ಕವನ್ನು ತನ್ನ ಮೈಮೇಲೆ ಹೊರುತ್ತಾಳೆ. ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ.

ಡಾರ್ಫುರ್, ಸಾಹೆಲ್ ಕಡೆಯೂ ಇದೇ ಕಥೆಯಾ?

ಡಾರ್ಫುರ್ ಅಂದರೆ ಸುಡಾನಿನ ಪಶ್ಚಿಮ ಭಾಗ, ಸಾಹೆಲ್ ಅಂದರೆ ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಒಣನೆಲದ ಪಟ್ಟಿ. ಹೋಲಿಕೆ ಇದೆ, ಒಂದೇ ಅಲ್ಲ. ಅಲ್ಲಿ ಹೆಚ್ಚಾಗಿ ಜಗಳ ದನಗಾಹಿಗೂ ರೈತನಿಗೂ. ದನಗಾಹಿಗಳ ನೆಲದಲ್ಲಿ ಮಳೆ ತಪ್ಪಿದರೆ ಅವರು ಸುಗ್ಗಿಗೆ ಮೊದಲೇ ರೈತರ ಕಡೆ ಇಳಿಯುತ್ತಾರೆ, ಬೆಳೆ ಇನ್ನೂ ಹೊಲದಲ್ಲೇ ಇರುತ್ತದೆ. ಡಾರ್ಫುರ್ ಬಗ್ಗೆ 2007ರಲ್ಲಿ ಆಗಿನ ವಿಶ್ವಸಂಸ್ಥೆ ಮುಖ್ಯಸ್ಥ ಬಾನ್ ಕಿ ಮೂನ್ ಹವಾಮಾನವನ್ನೂ ಕಾರಣ ಅಂದರು. ಅದಕ್ಕೆ ಬಲವಾದ ಟೀಕೆ ಬಂತು. ಖಾರ್ಟೂಮ್‌ನಲ್ಲಿದ್ದ ಸುಡಾನ್ ಸರ್ಕಾರವೇ ಜಂಜಾವೀದ್ ಎಂಬ ಹೋರಾಟಗಾರರ ಪಡೆಗಳಿಗೆ ಬಂದೂಕು ಕೊಟ್ಟಿದ್ದನ್ನು ಮಳೆಯ ತಲೆಗೆ ಕಟ್ಟಬೇಡಿ ಅಂತ. ಟೀಕಿಸಿದವರ ಮಾತು ನನಗೆ ಸರಿ ಅನ್ನಿಸುತ್ತದೆ.

ಏನಾದರೂ ಕೆಲಸಕ್ಕೆ ಬಂದಿದೆಯಾ?

ಬಂದಿದೆ, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ.

ತುರ್ಕಾನಾ ಮತ್ತು ಕರಮೋಜೊಂಗ್ ಜನರ ಮಥೆನಿಕೊ ಪಂಗಡದವರು 1973ರಲ್ಲಿ ಗಡಿಯ ಲೊಕಿರಿಯಾಮಾದಲ್ಲಿ ಸೇರಿ, ಆಯುಧಗಳನ್ನು ಮಣ್ಣಲ್ಲಿ ಹೂತು ರಾಜಿ ಮಾಡಿಕೊಂಡರು. ಇವತ್ತಿಗೂ ವರ್ಷಕ್ಕೊಮ್ಮೆ ಅದೇ ಜಾಗದಲ್ಲಿ ಸೇರುತ್ತಾರೆ. ಮಧ್ಯೆ ಮಧ್ಯೆ ಮುರಿದಿದೆ, ಮತ್ತೆ ಕೂಡಿದೆ. ಐವತ್ತು ವರ್ಷ ಅಂದರೆ ಸಣ್ಣ ಮಾತಲ್ಲ.

ಈಶಾನ್ಯ ಕೀನ್ಯಾದ ವಜೀರ್ ಜಿಲ್ಲೆಯ ಕಥೆ ನನಗೆ ಇನ್ನೂ ಇಷ್ಟ. 1990ರ ದಶಕದ ಮೊದಲಲ್ಲಿ ಅಲ್ಲಿ ಬರವೂ ಕುಲಗಳ ನಡುವಿನ ಕೊಲೆಗಳೂ ಒಟ್ಟಿಗೆ ನಡೆದವು. ಒಂದು ಕುಲದ ಹೆಂಗಸು ಇನ್ನೊಂದು ಕುಲದವಳಿಂದ ಸಂತೆಯಲ್ಲಿ ಹಾಲು ಕೊಳ್ಳದಂಥ ಸ್ಥಿತಿ. ದೇಖಾ ಇಬ್ರಾಹಿಂ ಅಬ್ದಿ ಮತ್ತು ಇನ್ನು ಕೆಲವು ಹೆಂಗಸರು ಶುರು ಮಾಡಿದ್ದು ಅಲ್ಲಿಂದಲೇ. ಸಂತೆಯಲ್ಲಿ ಯಾರು ಬೇಕಾದರೂ ಯಾರಿಂದ ಬೇಕಾದರೂ ಕೊಳ್ಳಬಹುದು, ಅದನ್ನು ನೋಡಿಕೊಳ್ಳಲು ನಾವೇ ನಿಲ್ಲುತ್ತೇವೆ ಅಂದರು. ಆಮೇಲೆ ಹಿರಿಯರನ್ನು ಕೂರಿಸಿದರು, ಆಮೇಲೆ ಹುಡುಗರನ್ನು, ಕೊನೆಗೆ ಸರ್ಕಾರದವರನ್ನು. ಇದೇ ಕೆಲಸಕ್ಕೆ ದೇಖಾ ಅವರಿಗೆ 2007ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. 2011ರಲ್ಲಿ ಅವರು ತೀರಿಕೊಂಡರು. ಆ ಕಡೆಯ ದನಗಾಹಿ ಪಂಗಡಗಳು 2001ರಲ್ಲಿ ಮಾಡಿಕೊಂಡ ಮೊಡೊಗಾಶೆ ಒಪ್ಪಂದವೂ ಇದೇ ದಾರಿಯದು. ಬೇರೆಯವರ ಬಯಲಿಗೆ ಹೋಗುವ ಮೊದಲು ಕೇಳಬೇಕು, ಕದ್ದ ದನ ವಾಪಸ್ ಕೊಡಬೇಕು, ಕೊಲೆಗೆ ದಂಡ ಕಟ್ಟಬೇಕು ಅಂತ ಬರೆದುಕೊಂಡರು. ಗಂಡಸು ಸತ್ತರೆ 100 ದನ, ಹೆಂಗಸು ಸತ್ತರೆ 50 ಅಂತ ಅದರಲ್ಲಿದೆ. ಆ ಅರ್ಧ ಲೆಕ್ಕ ನನಗೆ ಒಪ್ಪಿಗೆ ಇಲ್ಲ. ಉಳಿದದ್ದು ಒಳ್ಳೆಯ ಕೆಲಸ.

ಸರ್ಕಾರಗಳೂ ಕೆಲವು ಮಾಡಿವೆ. 2019ರ ಸೆಪ್ಟೆಂಬರ್‌ನಲ್ಲಿ ಕೀನ್ಯಾ ಮತ್ತು ಉಗಾಂಡಾ ಅಧ್ಯಕ್ಷರು ಅದೇ ಮೊರೊಟೊದಲ್ಲಿ ಗಡಿಯ ಶಾಂತಿಗೆ ಸಹಿ ಹಾಕಿದರು. ದನಗಾಹಿಗಳು ಗಡಿ ದಾಟಿ ಮೇಯಿಸುವುದನ್ನು ಒಪ್ಪಿಕೊಳ್ಳುವ ಒಪ್ಪಂದವೊಂದನ್ನು ಇಗಾಡ್ ಎಂಬ ಆ ಭಾಗದ ದೇಶಗಳ ಕೂಟ 2020ರಲ್ಲಿ ಮಾಡಿತು. 2010ರಲ್ಲಿ ಮರ್ಸಬಿಟ್‌ನಲ್ಲಿ ಹೊಸ ತರಹದ ದನದ ವಿಮೆ ಬಂತು. ಸತ್ತ ದನ ಎಣಿಸುವುದಿಲ್ಲ, ಉಪಗ್ರಹದಿಂದ ಹುಲ್ಲಿನ ಹಸಿರು ನೋಡುತ್ತಾರೆ, ಹಸಿರು ಇಂತಿಷ್ಟಕ್ಕಿಂತ ಇಳಿದರೆ ದುಡ್ಡು ಕೊಡುತ್ತಾರೆ. ಮರುವರ್ಷವೇ ಬರ ಬಂದು ಪರಿಹಾರವೂ ಸಿಕ್ಕಿತು. ವಿಮೆ ಒಳ್ಳೆಯದೇ, ಆದರೆ ಮೇಯಲು ದಾರಿ ಮುಚ್ಚಿದ ಮೇಲೆ ವಿಮೆಯ ದುಡ್ಡಿಂದ ಎಷ್ಟು ದಿನ ಮೇವು ತಂದಾರು?

ಇದೆಲ್ಲ ನಮಗೆ ಯಾಕೆ?

ಒಂದು, ಸಮುದ್ರ ಒಂದೇ. ಹಿಂದೂ ಮಹಾಸಾಗರದ ಪಶ್ಚಿಮದ ನೀರು ಬೆಚ್ಚಗಾಗಿ ಪೂರ್ವದ್ದು ತಣ್ಣಗಾದರೆ ಕೀನ್ಯಾದ ಸಣ್ಣ ಮಳೆ ಹುಚ್ಚೆದ್ದು ಸುರಿಯುತ್ತದೆ, 2019ರಲ್ಲಿ ಆದ ಹಾಗೆ. ನಮ್ಮ ಮುಂಗಾರಿನ ಲೆಕ್ಕ ಹಾಕುವವರೂ ಇದೇ ಏರುಪೇರನ್ನು ನೋಡುತ್ತಾರೆ.

ಇನ್ನೊಂದು, ನಮ್ಮ ಕುರಿಯವರು. ನಮ್ಮ ಹೊಲಕ್ಕೆ ಬರುತ್ತಿದ್ದವರು ಬೆಳಗಾವಿ ಕಡೆಯವರು, ಕರಿ ಕಂಬಳಿ, ಕತ್ತೆ ಕುದುರೆ ಮೇಲೆ ಸಾಮಾನು, ನಾಯಿಗಳು. ಅಜ್ಜ ಮೊದಲೇ ಮಾತಾಡಿರುತ್ತಿದ್ದರು, ಎಷ್ಟು ರಾತ್ರಿ ಮಂದೆ ನಿಲ್ಲಿಸಬೇಕು, ಎಷ್ಟು ಜೋಳ ಕೊಡಬೇಕು ಅಂತ. ಗೊಬ್ಬರ ನಮಗೆ, ಮೇವು ಅವರಿಗೆ. ಒಮ್ಮೆ ಮಳೆ ತಡವಾಗಿ, ಕಡಲೆ ಇನ್ನೂ ಹೊಲದಲ್ಲಿರುವಾಗಲೇ ಮಂದೆ ಬಂತು. ರಾತ್ರಿ ಪಕ್ಕದ ಹೊಲಕ್ಕೆ ಕುರಿ ನುಗ್ಗಿ ದೊಡ್ಡ ಗಲಾಟೆ ಆಯಿತು, ದೊಣ್ಣೆ ಕೈಗೆ ಬಂದಿತ್ತು. ಅಜ್ಜ ಮಧ್ಯೆ ನಿಂತು, "ಏ ತಮ್ಮಾ, ಅವ ಎಲ್ಲಿ ಹೋಗ್ಬೇಕು ಹೇಳು, ನಾವ ಕರದೀವಿ ಅವನ್ನ" ಅಂದರು. ಬೆಳೆಯ ನಷ್ಟಕ್ಕೆ ಎರಡು ಟಗರು ಕೊಟ್ಟು ಮುಗಿಯಿತು. ಅವತ್ತು ಯಾರ ಕೈಯಲ್ಲೂ ಬಂದೂಕು ಇರಲಿಲ್ಲ. ತುರ್ಕಾನಾ ಬಗ್ಗೆ ಓದುವಾಗಲೆಲ್ಲ ನನಗೆ ಆ ರಾತ್ರಿ ನೆನಪಾಗುತ್ತದೆ.

2023ರಲ್ಲಿ ಮಳೆ ಬಂತಲ್ಲ, ಈಗ ಎಲ್ಲ ಸರಿ ಹೋಯಿತಾ?

ಮಳೆ ಬಂತು. ಮೊದಲ ಮಳೆಗೆ ಬಡಕಲಾಗಿದ್ದ ಆಡು ಕುರಿಗಳು ಚಳಿ ತಡೆಯದೆ ಸತ್ತವು. ಬರ ಮುಗಿಯುವಾಗಲೂ ಹೀಗೆ ಸಾಯುತ್ತವೆ ಅಂತ ದನ ಕಾಯದವರಿಗೆ ಗೊತ್ತೇ ಇರುವುದಿಲ್ಲ. ವರ್ಷದ ಕೊನೆಗೆ ಎಲ್ ನಿನೋ ಮಳೆ ಸುರಿದು ಪ್ರವಾಹ ಬಂತು.

ಹುಲ್ಲು ಕೆಲವೇ ವಾರಗಳಲ್ಲಿ ಬರುತ್ತದೆ. ಹಿಂಡು ಹಾಗಲ್ಲ. ಆಡು ಐದು ತಿಂಗಳಿಗೆ ಈಯುತ್ತದೆ, ಕೆಲವು ಸಲ ಅವಳಿ, ಹಾಗಾಗಿ ಆಡು ಬೇಗ ತುಂಬಿಕೊಳ್ಳುತ್ತವೆ. ಆ ಒಣನೆಲದಲ್ಲಿ ಹೆಣ್ಣುಕರು ಬೆಳೆದು ಮೊದಲ ಸಲ ಈಯಲು ನಾಲ್ಕು ವರ್ಷ ಬೇಕು. ಒಂಟೆಗೆ ಐದಾರು ವರ್ಷ, ಗಬ್ಬವೇ ಹದಿಮೂರು ತಿಂಗಳು. 2011, 2017, ಆಮೇಲೆ 2020ರಿಂದ 2023, ಬರಗಳ ನಡುವಿನ ಬಿಡುವು ಎಷ್ಟಿತ್ತು ಅಂತ ನೀವೇ ಎಣಿಸಿ. 2023ರ ಮಳೆಗೆ ಹುಟ್ಟಿದ ಹೆಣ್ಣು ಒಂಟೆ ಮರಿ ತಾಯಿ ಆಗುವುದು 2028, 2029ಕ್ಕೆ.